ಬಾರದ ಬಿಕ್ಕಳಿಕೆ

ಅಜ್ಜಿಯ ಬಿಕ್ಕಳಿಕೆ ನ್ಯಾಯವಾಗಿ ನನಗೆ ಬರಬೇಕಿತ್ತು. ಊರಿನವರೆಲ್ಲ ಹಾಗೇ ಅಂದುಕೊಂಡಿದ್ದರು, ನಾನಂತೂ ಬುದ್ಧಿ ಬಂದಾಗಿನಿಂದ ಹಾಗೇ ಅಂದುಕೊಂಡಿದ್ದೆ. ಅಮ್ಮ ಹೋದ ಮೇಲೆ ನಾನು ಬೆಳೆದದ್ದು ಅಜ್ಜಿಯ ಮಡಿಲಲ್ಲಿ, ಅನ್ನಕ್ಕಿಂತ ಹೆಚ್ಚು ಕಥೆ ತಿಂದು. ಅಜ್ಜಿ ಮೊರ ಹಿಡಿದು ಅಕ್ಕಿ ಆರಿಸುತ್ತಾ ಕೂತಾಗ ‘ಹಿಕ್’ ಅಂತ ಒಂದು ಸದ್ದು ಬಂದರೆ ಸಾಕು, ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದವಳು ಎತ್ತಿದ ಕಾಲನ್ನು ಇಳಿಸಿ ಒಳಗೆ ಓಡಿಬಂದು ಅವಳ ಮೊಣಕಾಲಿಗೆ ಕೆನ್ನೆ ಆನಿಸಿ ಕೂರುತ್ತಿದ್ದೆ. ಇನ್ನೊಂದು ಬಿಕ್ಕಳಿಕೆಗೆ ಒಬ್ಬ ರಾಜನೋ ಒಬ್ಬ ಕುಂಬಾರನೋ ಬರುತ್ತಿದ್ದ. ಮತ್ತೊಂದಕ್ಕೆ ಅವನ ಕಷ್ಟ ಶುರುವಾಗುತ್ತಿತ್ತು. ಕಷ್ಟ ತೀರಿದಾಗ ಬಿಕ್ಕಳಿಕೆ ತಾನಾಗಿ ನಿಂತು, ಅಜ್ಜಿ ಉಸಿರು ಬಿಟ್ಟು, ಮೊರವನ್ನು ಮತ್ತೆ ತಟ್ಟುತ್ತಿದ್ದಳು.

ನಮ್ಮೂರಿಗೆ ಕಥೆ ಬರುವುದೇ ಹೀಗೆ. ಎಲ್ಲರಿಗೂ ಬರುವುದಿಲ್ಲ, ಮನೆಗೊಬ್ಬರಿಗೆ ಬಂದರೆ ಹೆಚ್ಚು. ಅದಕ್ಕೇ ಇಲ್ಲಿ ಬಿಕ್ಕಳಿಸುವವರಿಗೆ ಯಾರೂ ನೀರು ಕೊಡುವುದಿಲ್ಲ. ಕೊಟ್ಟರೆ ಮಗುವಿನ ಬಾಯಿ ಮುಚ್ಚಿದಷ್ಟು ಪಾಪ. ಬಸ್ಸಿನಲ್ಲಿ ಯಾರಾದರೂ ಬಿಕ್ಕಳಿಸಿದರೆ ಕಂಡಕ್ಟರ್ ಸೀಟಿ ಊದಿ ನೆರಳಿರುವ ಕಡೆ ನಿಲ್ಲಿಸುತ್ತಾನೆ. ಅಂಗಡಿಯಲ್ಲಾದರೆ ತಕ್ಕಡಿ ಕೆಳಗಿಡುತ್ತಾರೆ. ಡಾಕ್ಟರ ಬಾಗಿಲಲ್ಲಿ ‘ಬಿಕ್ಕಳಿಕೆಗೆ ಇಲ್ಲಿ ಔಷಧಿ ಕೊಡುವುದಿಲ್ಲ’ ಎಂಬ ಬೋರ್ಡು ತೂಗುತ್ತದೆ. ಪುರೋಹಿತರು ಮದುವೆಗೆ ಮುಹೂರ್ತ ಇಡುವ ಮುಂಚೆ, ಬೀಗರ ಪೈಕಿ ಬಿಕ್ಕಳಿಸುವವರು ಇದ್ದಾರೋ ಎಂದು ವಿಚಾರಿಸಿಕೊಂಡೇ ಗಳಿಗೆಯನ್ನು ಸ್ವಲ್ಪ ಸಡಿಲ ಬಿಡುತ್ತಾರೆ. ಬಿಕ್ಕಳಿಸಿದವರ ಹತ್ತಿರ ಯಾರು ಕೂತಿರುತ್ತಾರೋ ಅವರು ‘ಹೂಂ’ ಅನ್ನಬೇಕು. ಹೂಂ ಅನ್ನದಿದ್ದರೆ ಕಥೆ ಮುಂದೆ ಹೋಗದು, ಪಾಪ ಹೇಳುವವರು ಬಿಕ್ಕಳಿಸುತ್ತಲೇ ಇರಬೇಕು. ಮತ್ತೆ, ಕಥೆಯನ್ನು ಯಾಕೆ ಏನು ಎಂದು ಕೇಳುವ ಹಾಗಿಲ್ಲ. ಮನೆಗೆ ಬಂದ ನೆಂಟರನ್ನು ಯಾಕೆ ಬಂದಿರಿ ಎಂದು ಕೇಳುತ್ತೇವೆಯೇ?

ಹೂಂ ಅನ್ನುವುದರಲ್ಲಿ ನಾನು ಎತ್ತಿದ ಕೈ. ಅಜ್ಜಿಯೇ ಕಲಿಸಿದ್ದು. ರಾಜನಿಗೆ ಒಂದು ಹೂಂ, ಕಳ್ಳನಿಗೆ ಒಂದು ಹೂಂ, ಕಾಡಿನ ದಾರಿಯಲ್ಲಿ ಉಸಿರು ಬಿಗಿಹಿಡಿದ ಒಂದು ಹೂಂ. ಬೀದಿಯಲ್ಲಿ ಯಾರಿಗೆ ಬಿಕ್ಕಳಿಕೆ ಬಂದರೂ ‘ತಾಯಮ್ಮಜ್ಜಿ ಮೊಮ್ಮಗಳನ್ನ ಕರೀರಿ, ವತ್ಸಿ ಹೂಂ ಅಂದ್ರೆ ಕಥೆ ಎಣ್ಣೆ ಹಾಕಿದ ಹಾಗೆ ಜಾರುತ್ತೆ’ ಅನ್ನುತ್ತಿದ್ದರು. ಹೊಗಳಿಕೆಯೇ ಅದು, ಇಲ್ಲ ಅನ್ನುವುದಿಲ್ಲ. ಆದರೆ ಮದುವೆ ಮನೆಯಲ್ಲಿ ನಿನ್ನ ಎಲೆ ಹಾಕುವ ಕೈ ಚೆಂದ ಅಂದರೆ ಹೊಟ್ಟೆ ತುಂಬುತ್ತದೆಯೇ? ನಾನು ಕಾಯುತ್ತಿದ್ದದ್ದು ಊಟಕ್ಕೆ ಕೂರುವುದಕ್ಕೆ.

ಅಣ್ಣನಿಗೆ ಹೊಳೆಯಾಚೆಯ ಊರಿನಿಂದ ಹೆಣ್ಣು ತಂದರು. ಹೆಸರು ಪದ್ಮಾಕ್ಷಿ, ನನಗೆ ಪದ್ದತ್ತಿಗೆ. ಅವರ ಊರಲ್ಲಿ ಬಿಕ್ಕಳಿಕೆ ಅಂದರೆ ಬರೀ ಬಿಕ್ಕಳಿಕೆ. ಬಂದವಳ ಕೈ ತುಂಬ ಬಳೆ, ಬೆನ್ನ ತುಂಬ ಜಡೆ. ಆ ಜಡೆಯನ್ನು ನೋಡಿದ ದಿನವೇ ನನ್ನ ಹೊಟ್ಟೆಯೊಳಗೆ ಏನೋ ಸಣ್ಣಗೆ ಕಚ್ಚಿತು. ನನ್ನದು ಇಲಿಬಾಲ, ಎಷ್ಟು ಎಣ್ಣೆ ಹಾಕಿದರೂ ಕಿವಿಯ ಹಿಂದೆ ಸಿಕ್ಕಿಸಿ ಮರೆತುಬಿಡಬಹುದಾದಷ್ಟು. ಇರಲಿ, ಜಡೆ ಅವಳಿಗಿರಲಿ, ಬಿಕ್ಕಳಿಕೆ ನನ್ನದಲ್ಲವೇ ಎಂದು ಸಮಾಧಾನ ಮಾಡಿಕೊಂಡೆ. ಆಗಲೇ ಅಜ್ಜಿಯ ಬಿಕ್ಕಳಿಕೆ ತೆಳುವಾಗುತ್ತಾ ಬಂದಿತ್ತು. ಒಂದು ಮಧ್ಯಾಹ್ನ ಕಥೆ ಮುಗಿಸಿ, ಎದೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೇಳಿಸಿಕೊಂಡು, ‘ಹೋಯ್ತು ಕಣೇ. ಇನ್ನು ಬರಲ್ಲ’ ಅಂದಳು. ಹೋದದ್ದು ಮನೆಯೊಳಗೇ ಇನ್ನೊಬ್ಬರಿಗೆ ಇಳಿಯುತ್ತದೆ, ಅದು ವಾಡಿಕೆ. ಅವತ್ತಿನಿಂದ ನಾನು ಸೆರಗು ಸರಿಮಾಡಿಕೊಂಡು, ಬಾಗಿಲಿಗೆ ಯಾರೋ ಬರುತ್ತಾರೆ ಅನ್ನುವ ಹಾಗೆ ಓಡಾಡಿಕೊಂಡಿದ್ದೆ.

ಅದು ಇಳಿದದ್ದು ಊಟದ ಹೊತ್ತಿಗೆ. ನಾನು ಹುಳಿಯ ಪಾತ್ರೆಯಲ್ಲಿ ಸೌಟು ಆಡಿಸುತ್ತಾ ನಿಂತಿದ್ದೆ. ಅತ್ತಿಗೆ ಒಂದು ತುತ್ತು ಬಾಯಿಗಿಟ್ಟವಳು ‘ಹಿಕ್’ ಅಂದಳು. ಅವಳು ಎಡಗೈಯಲ್ಲಿ ನೀರಿನ ಲೋಟ ಎತ್ತಿದಳು. ಅಜ್ಜಿ ಆ ವಯಸ್ಸಿನಲ್ಲಿ ಎಲ್ಲಿಂದ ಶಕ್ತಿ ತಂದಳೋ, ಬಗ್ಗಿ ಲೋಟವನ್ನು ತಳ್ಳಿಬಿಟ್ಟಳು. ನೀರೆಲ್ಲ ಎಲೆಯ ಮೇಲೆ.

‘ಅಯ್ಯೋ, ಏನಜ್ಜಿ ಇದು. ಗ್ಯಾಸು ಅಷ್ಟೇ. ಬೆಳಿಗ್ಗೆ ತಂಗಳು ತಿಂದಿದ್ದೆ,’ ಅಂದಳು ಅತ್ತಿಗೆ.

‘ಗ್ಯಾಸಲ್ಲಮ್ಮ. ಬಾಯಿ ತೆಗಿ.’

‘ತೆಗೆದು?’

ತೆಗೆದಳು. ಅದರೊಳಗಿಂದ ಒಬ್ಬ ಹಗ್ಗ ಹೊಸೆಯುವವನು ಬಂದ. ಮಗಳು ಎಲ್ಲಿ ಮನೆ ಬಿಟ್ಟು ಹೋಗುತ್ತಾಳೋ ಎಂದು ಹೆದರಿ, ಅವಳನ್ನು ಕಟ್ಟಿಹಾಕಲು ಜೀವಮಾನವೆಲ್ಲ ಒಂದೇ ಹಗ್ಗ ಹೊಸೆದ. ಮಗಳು ಆ ಹಗ್ಗದಲ್ಲಿ ಜೋಕಾಲಿ ಕಟ್ಟಿ ಕೂತಳು. ಜೋಕಾಲಿ ಎಷ್ಟು ಉದ್ದವಿತ್ತೆಂದರೆ ಮುಂದಕ್ಕೆ ಜೀಕಿದಾಗ ಅವಳು ಪರವೂರಿನಲ್ಲಿರುತ್ತಿದ್ದಳು, ಹಿಂದಕ್ಕೆ ಬಂದಾಗ ಅಪ್ಪನ ಅಂಗಳದಲ್ಲಿ. ಬಂದುಹೋಗುವ ಆ ಒಂದು ಕ್ಷಣದಲ್ಲಿ ಅಪ್ಪ ಅವಳ ಬಾಯಿಗೆ ತುತ್ತು ಇಡುತ್ತಿದ್ದ. ಇಷ್ಟು ಹೇಳಿ ಅತ್ತಿಗೆಯ ಬಿಕ್ಕಳಿಕೆ ನಿಂತಿತು. ಅವಳು ಗಾಬರಿಯಿಂದ ಅಣ್ಣನ ಮುಖ ನೋಡಿ, ‘ನಂಗೆ ಹಗ್ಗ ಹೊಸೆಯೋರು ಯಾರೂ ಗೊತ್ತಿಲ್ಲ ಕಣ್ರೀ’ ಅಂದಳು, ಕಳ್ಳತನ ಹೊರಿಸಿದ ಹಾಗೆ. ಅಜ್ಜಿ ಅಳುತ್ತಿದ್ದಳು. ಎದ್ದು ಬಂದು ಎಂಜಲು ಕೈಯಲ್ಲೇ ಅತ್ತಿಗೆಯ ನೆಟಿಗೆ ತೆಗೆದಳು. ಹೂಂ, ಹೂಂ ಎಂದು ಎಲ್ಲ ಕಡೆಯೂ ಸರಿಯಾಗಿ ಅಂದಿದ್ದ ನನ್ನ ಕೈಯಲ್ಲಿ ಸೌಟು ಹಾಗೇ ಇತ್ತು. ಹುಳಿ ತಳ ಹಿಡಿದಿತ್ತು.

ಆ ಜೋಕಾಲಿಗಾಗಿ ನಾನು ಒಂದು ಬೆರಳು ಬೇಕಾದರೂ ಕೊಡುತ್ತಿದ್ದೆ. ಅವಳು ಅದನ್ನು ತಂಗಳಿನ ತೇಗಿನ ಹಾಗೆ ಬಿಟ್ಟು, ಎದ್ದು ಕೈ ತೊಳೆದಳು.

ಆಮೇಲೆ ಅದು ಅವಳನ್ನು ಬಿಡಲೇ ಇಲ್ಲ. ಪಾತ್ರೆ ತೊಳೆಯುವಾಗ ಬಂತು, ಬಟ್ಟೆ ಒಣಹಾಕುವಾಗ ಬಂತು, ತರಕಾರಿಯವನ ಹತ್ತಿರ ಬದನೆಕಾಯಿಗೆ ಚೌಕಾಸಿ ಮಾಡುವಾಗ ಬಂತು. ಅವನು ಗಾಡಿ ನಿಲ್ಲಿಸಿ, ಕಥೆ ಕೇಳಿ, ಕಣ್ಣೊರೆಸಿಕೊಂಡು, ಅವಳು ಕೇಳಿದ ರೇಟಿಗೇ ಕೊಟ್ಟುಹೋದ. ಬೀದಿಯವರು ನಮ್ಮ ಜಗಲಿಯನ್ನು ಬಿಟ್ಟು ಕದಲದ ಹಾಗಾದರು. ‘ಎಂಥಾ ಸೊಸೆ ತಂದ್ರಿ ಅಜ್ಜಿ,’ ಅನ್ನುವರು. ಆಮೇಲೆ ನನ್ನ ಕಡೆ ತಿರುಗಿ, ‘ಹೂಂ ಅನ್ನೋಕೆ ಇವಳಿದ್ದಾಳಲ್ಲ, ಮನೆಯಲ್ಲೇ ಜೋಡಿ ಆಯ್ತು’ ಅನ್ನುವರು. ಎದುರುಮನೆ ಸಾಕಮ್ಮನಂತೂ ನನ್ನ ಗಲ್ಲ ಹಿಡಿದು, ‘ಎಲ್ಲರೂ ಪಲ್ಲಕ್ಕಿ ಏರಿದ್ರೆ ಹೊರೋರು ಬೇಡವೇನೇ’ ಅಂದಳು. ಅವಳ ಮನಸ್ಸಿನಲ್ಲಿ ಅದು ಸಮಾಧಾನ.

ಅತ್ತಿಗೆ ಒಮ್ಮೆಯಾದರೂ ಬೀಗಿದ್ದರೆ ಅವಳನ್ನು ನೆಮ್ಮದಿಯಾಗಿ ದ್ವೇಷಿಸುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ. ‘ಸಾಕಾಗಿದೆ ವತ್ಸಿ. ಮೊಸರು ಕಡೆಯೋಕೆ ಕೂತ್ರೆ ಯಾವನೋ ಮಂತ್ರಿ ಬರ್ತಾನೆ. ನಿಂಗೆ ಇಷ್ಟ ಅಲ್ವಾ, ತಗೊಂಡುಬಿಡೇ ಮಾರಾಯ್ತಿ,’ ಅನ್ನುತ್ತಿದ್ದಳು. ಉಟ್ಟು ಬೇಸರವಾದ ಸೀರೆಯನ್ನು ಕೊಡುವವರ ಹಾಗೆ. ನಾನು ನಗುತ್ತಿದ್ದೆ. ನಕ್ಕು ಹಿತ್ತಲಿಗೆ ಹೋಗಿ ಒಣ ಹುರಿಹಿಟ್ಟು ಮುಕ್ಕುತ್ತಿದ್ದೆ. ಹಸಿಮೆಣಸಿನಕಾಯಿ ಕಚ್ಚಿದೆ. ನಿಂತುಕೊಂಡು ಉಂಡೆ, ನಗುತ್ತಾ ಉಂಡೆ, ಗಬಗಬನೆ ಉಂಡೆ. ಬಿಕ್ಕಳಿಕೆ ಬಂತು, ಬರಲಿಲ್ಲ ಅನ್ನುವುದಿಲ್ಲ. ಬಾಯಿ ತೆರೆದು ಕಾದೆ. ಖಾಲಿ. ಗಾಡಿ ಬಂತು, ಒಳಗೆ ಯಾರೂ ಇಲ್ಲ.

‘ಅಜ್ಜಿ, ನನಗ್ಯಾಕೆ ಬರಲಿಲ್ಲ?’ ಎಂದು ಒಂದು ದಿನ ಕೇಳಿಯೇಬಿಟ್ಟೆ. ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ, ಮುಖ ಕಾಣುತ್ತಿರಲಿಲ್ಲ, ಅದಕ್ಕೇ ಧೈರ್ಯ.

‘ಬೆಕ್ಕು ಯಾರ ಮಡಿಲಲ್ಲಿ ಮಲಗುತ್ತೆ ಹೇಳು? ಬಾ ಬಾ ಅಂತ ಕರೆಯೋರ ಮಡಿಲಲ್ಲಾ? ಬೆಕ್ಕು ಕಂಡ್ರೆ ಆಗದೇ ಇರೋರ ಮಡಿಲಲ್ಲಿ.’

‘ಹಾಗಾದ್ರೆ ನಾನು ಬೇಡ ಅಂತೀನಿ.’

‘ಬೆಕ್ಕಿಗೆ ಅಷ್ಟೂ ಗೊತ್ತಾಗಲ್ವೇನೇ.’ ತಲೆ ಬಗ್ಗಿಸಿಕೊಂಡೇ ಹೇಳಿದಳು. ‘ಬರೋ ಭಾನುವಾರ ಮಣೆ ಕೊಡೋಣ ಅಂತಿದೀನಿ. ಪದ್ಮಂಗೆ.’

ಮಣೆ ಅಂದರೆ ಅಜ್ಜಿಯ ಮಣೆ. ಹಲಸಿನ ಮರದ್ದು, ನಾಲ್ಕು ಮೂಲೆಗೂ ಹಿತ್ತಾಳೆ. ಅಜ್ಜಿಯ ಅತ್ತೆ ಅದರ ಮೇಲೆ ಕೂತು ಕಥೆ ಹೇಳಿದ್ದಳಂತೆ, ಅವಳ ಅತ್ತೆಯೂ. ಬೀದಿಯವರನ್ನೆಲ್ಲ ಕರೆದು, ಅಂಗಳದಲ್ಲಿ ಮಣೆ ಹಾಕಿ, ಹೊಸಬಳನ್ನು ಅದರ ಮೇಲೆ ಕೂರಿಸಿದರೆ ಮುಗಿಯಿತು, ಅವಳೇ ಆ ಮನೆಯ ಕಥೆ. ಕೂತವಳ ಬಿಕ್ಕಳಿಕೆ ಹೋಗುವತನಕ ಮಿಕ್ಕವರೆಲ್ಲ ನೆಲದ ಮೇಲೆ. ಚಿಕ್ಕವಳಿದ್ದಾಗ ಅಜ್ಜಿ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ನಾನು ಆ ಮಣೆಯ ಮೇಲೆ ಕದ್ದು ಕೂತು ಗೋಡೆಗೆ ಕಥೆ ಹೇಳುತ್ತಿದ್ದೆ. ಎಣ್ಣೆಯ ಕೈ ಅಜ್ಜಿಯ ತಲೆಯ ಮೇಲೆ ಹಾಗೇ ನಿಂತಿತು. ಭಾನುವಾರಕ್ಕೆ ಇನ್ನು ಎಷ್ಟು ದಿನ ಎಂದು ನಾನು ಲೆಕ್ಕ ಹಾಕಲಿಲ್ಲ. ಅಷ್ಟರೊಳಗೆ ನನಗೆ ಒಂದು ಕಥೆ ಸಿಗಬೇಕು, ಅಷ್ಟೇ.

ಬರದಿದ್ದರೆ ಹುಡುಕಬೇಕು ಎಂದು ನಮ್ಮೂರಿನಲ್ಲಿ ಬೇರೆ ಯಾರಿಗಾದರೂ ಹೊಳೆದಿತ್ತೋ ಇಲ್ಲವೋ. ನಾನು ಹುಡುಕಲು ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಮಗುವಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದ. ಅವನ ಹಿಂದೆ ಮಾರ್ಕೆಟ್ಟಿನವರೆಗೂ ಹೋದೆ. ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು, ಹೊಲಿಸಿಕೊಂಡ, ಮೆಟ್ಟಿಕೊಂಡು ಹೋದ. ಮಿಠಾಯಿ ಅಂಗಡಿಯ ಮುಂದೆ ಒಬ್ಬಾಕೆ ಜಿಲೇಬಿ ತಿನ್ನುತ್ತಾ ಅಳುತ್ತಿದ್ದಳು. ಇಗೋ ಸಿಕ್ಕಿತು ಅಂದುಕೊಂಡೆ. ಹತ್ತಿರ ಹೋಗಿ ನಿಂತರೆ ಅವಳು ಕಣ್ಣು ಬಿಟ್ಟು, ‘ಏನಮ್ಮ, ಹಲ್ಲುನೋವು ಯಾರಿಗೂ ಬರಲ್ವಾ?’ ಅಂದಳು. ಪಾತ್ರೆ ಅಂಗಡಿಯಲ್ಲಿ ಒಬ್ಬ ಮುದುಕ ಒಂದೇ ಒಂದು ತಟ್ಟೆ ಕೊಂಡ. ಯಾಕೆ ಒಂದೇ? ಮನೆಯಲ್ಲಿ ಇನ್ನೊಂದು ಒಡೆಯಿತೋ, ಇನ್ನೊಬ್ಬರು ಹೋದರೋ, ಇನ್ನೊಬ್ಬರು ಬಂದರೋ? ಕೇಳುವ ಹಾಗಿಲ್ಲವಲ್ಲ. ಅಣ್ಣನ ಗುಂಡಿ, ದಾರ, ಲೇಸಿನ ಅಂಗಡಿಯಲ್ಲಿ ಗಲ್ಲೆಯ ಹಿಂದೆ ಕೂತು ಅದನ್ನೇ ಯೋಚಿಸುತ್ತಾ ಗುಂಡಿ ಕೇಳಿದವರಿಗೆ ಹುಕ್ಕು ಕೊಟ್ಟೆ. ‘ಬಾಯಿ ಮುಚ್ಚಿಕೊಂಡು ಕನಸು ಕಾಣೇ, ನೊಣ ಹೋಗುತ್ತೆ,’ ಅಂದ ಅಣ್ಣ. ಸಂಜೆ ಮನೆಗೆ ಬಂದರೆ ಅತ್ತಿಗೆ ಸೊಪ್ಪು ಬಿಡಿಸುತ್ತಾ ಒಂದು ಕಥೆ ಮುಗಿಸಿ, ಆಕಳಿಸುತ್ತಿದ್ದಳು.

ಶುಕ್ರವಾರ ರಾಗಿ ಬೀಸಿಸಲು ಇಬ್ಬರೂ ಗಿರಣಿಗೆ ಹೋದೆವು. ಗಿರಣಿ ದಾಸಪ್ಪ ಹುಬ್ಬಿನಿಂದ ಪಾದದವರೆಗೂ ಹಿಟ್ಟು ಮೆತ್ತಿಕೊಂಡು ಬೆಲ್ಟಿನ ಪಕ್ಕ ನಿಂತಿದ್ದ. ಡಬ್ಬ ಇಟ್ಟುಕೊಂಡ ಹೆಂಗಸರು ಸಾಲಾಗಿ ಕೂತಿದ್ದರು. ಸಾಕಮ್ಮನೂ ಇದ್ದಳು. ಆ ಗಲಾಟೆಯಲ್ಲಿ ಯಾರೋ ಅತ್ತಿಗೆಗೆ ಜಾಗ ಬಿಟ್ಟುಕೊಟ್ಟರು, ‘ನೀವು ಕೂತ್ಕಳ್ಳಿ, ಯಾವಾಗ ಬರುತ್ತೋ ಏನೋ’ ಎಂದು. ನನಗೆ ಯಾರೂ ಜಾಗ ಬಿಡಲಿಲ್ಲ. ನಿಂತಿದ್ದವಳು ‘ಹಿಕ್’ ಅಂದೆ.

ಬೇಕೆಂದೇ ಅಂದದ್ದು. ಗಂಟಲಿನಿಂದ ತೆಗೆದರೆ ಕೋಳಿಯ ಸದ್ದಾಗುತ್ತದೆ, ಎದೆಗೂಡಿನಿಂದ ಎಳೆಯಬೇಕು. ಅಂಗಡಿಯ ಹಿಂದೆ, ಗುಂಡಿಯ ಡಬ್ಬಗಳ ನಡುವೆ ಅಷ್ಟು ಅಭ್ಯಾಸ ಮಾಡಿಕೊಂಡಿದ್ದೆ. ಇನ್ನೊಂದು ಸಲ ‘ಹಿಕ್’ ಅಂದೆ. ದಾಸಪ್ಪ ಕೈ ಎತ್ತಿ ಸ್ವಿಚ್ಚು ಇಳಿಸಿದ. ಬೆಲ್ಟು ಪಟಪಟ ಬಡಿದು ನಿಂತಿತು. ಗಾಳಿಯಲ್ಲಿದ್ದ ಹಿಟ್ಟು ಎಲ್ಲರ ರೆಪ್ಪೆಯ ಮೇಲೆ ಇಳಿಯತೊಡಗಿತು.

‘ಯಾರಮ್ಮ ಅದು?’ ಅಂದ ದಾಸಪ್ಪ.

‘ತಾಯಮ್ಮಜ್ಜಿ ಮೊಮ್ಮಗಳು ಕಣಪ್ಪ.’

‘ಓ. ಕೊನೆಗೂ ಇವಳಿಗೂ ಇಳೀತಾ.’

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅದರೊಳಗೆ ಏನೂ ಇರಲಿಲ್ಲ. ಓಡಿಬಿಡೋಣವೇ ಎಂದು ಒಂದು ಗಳಿಗೆ ಅನ್ನಿಸಿತು. ಆಗ ಕಣ್ಣಿಗೆ ಬಿದ್ದದ್ದು ಅತ್ತಿಗೆಯ ಜಡೆ. ಹಿಟ್ಟಿನ ಧೂಳು ಬಿದ್ದು ಅದು ಇನ್ನೂ ಚೆಂದವಾಗಿತ್ತು, ಮೇಲೆ ಬೆಳಿಗ್ಗೆ ಮುಡಿದ ಕನಕಾಂಬರ. ಎಷ್ಟು ದಿನದಿಂದ ಅದನ್ನು ನೋಡಿ ನೋಡಿ ನುಂಗಿಕೊಂಡಿದ್ದೆನೋ ಅದೇ ಬಾಯಿಗೆ ಬಂತು.

ಒಂದೂರಲ್ಲಿ ಅಂಬುಜಿ ಅಂತ ಒಬ್ಬಳಿದ್ದಳು, ಅಂದೆ. ಹೂ ಕಟ್ಟುವವಳು. ಜ್ವರ ಬಂದು ಅವಳ ತಲೆಗೂದಲೆಲ್ಲ ಉದುರಿಹೋಗಿತ್ತು, ಒಂದು ಮೊಗ್ಗು ಸಿಕ್ಕಿಸುವುದಕ್ಕೂ ಜಾಗವಿರಲಿಲ್ಲ. ಊರಿನ ಹೆಂಗಸರ ತಲೆಗಳೆಲ್ಲ ಅವಳ ಬೆರಳಿನಿಂದ ಅರಳುತ್ತಿದ್ದವು. ಪಕ್ಕದ ಮನೆಯಲ್ಲಿ ನೀಲವೇಣಿ. ಅವಳ ಜಡೆಗೆ ಎಷ್ಟು ಮೊಳ ಕಟ್ಟಿದರೂ ಸಾಲದು. ದಿನಾ ಬೆಳಿಗ್ಗೆ ಬಂದು ಹೊಸ್ತಿಲ ಮೇಲೆ ಬೆನ್ನು ಮಾಡಿ ಕೂತು, ‘ಅಂಬುಜಿ, ನೀನೇ ಮುಡಿಸೇ’ ಅನ್ನುವಳು. ಅಂಬುಜಿ ಮುಡಿಸುವಳು. ಮುಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡುವಳು. ನಡುನಡುವೆ ನಾನು ‘ಹಿಕ್’ ಅನ್ನುತ್ತಿದ್ದೆ. ಪಕ್ಕದಲ್ಲಿದ್ದ ಅತ್ತಿಗೆಯೇ ಹೂಂ ಅನ್ನಬೇಕಾಗಿ ಬಂತು. ಅವಳಿಗೆ ಅದು ಬರುವುದಿಲ್ಲ, ಎಲ್ಲದಕ್ಕೂ ಒಂದೇ ಹೂಂ, ಅಂಗಡಿಯಲ್ಲಿ ಚಿಲ್ಲರೆ ತೆಗೆದುಕೊಂಡ ಹಾಗೆ. ಆದರೂ ಅವಳು ಹೂಂ ಅಂದಾಗೆಲ್ಲ ನನಗೆ ಎಂಥಾ ಸುಖ. ಗೌರಿಹಬ್ಬದ ಬೆಳಿಗ್ಗೆ ಅಂಬುಜಿ ನೀಲವೇಣಿಗೆ ಉದ್ದನೆಯ ಮಾಲೆ ಕಟ್ಟಿ, ಮುಡಿಸಿ, ಬುಟ್ಟಿಯನ್ನು ಅಲ್ಲೇ ಬಿಟ್ಟು ಹೊಳೆ ದಾಟಿ ಹೊರಟುಹೋದಳು, ಅಂದೆ. ಆಮೇಲೆ ಏನು ಎಂದು ನನಗೇ ಗೊತ್ತಿರಲಿಲ್ಲ. ದಾಸಪ್ಪ ಕರೆಂಟು ಹೋಗುವ ಹೊತ್ತಾಯಿತೆಂದು ಗಡಿಯಾರ ನೋಡುತ್ತಿದ್ದ. ‘ಮತ್ತೆ ಬರಲೇ ಇಲ್ಲ,’ ಎಂದು ಬಿಕ್ಕಳಿಕೆ ನಿಲ್ಲಿಸಿಬಿಟ್ಟೆ.

ಸಾಕಮ್ಮ ಸೆರಗಿನಲ್ಲಿ ಮೂಗು ಒರೆಸಿದಳು. ಯಾರೋ ಎದ್ದು ನನಗೆ ಜಾಗ ಕೊಟ್ಟರು. ದಾಸಪ್ಪ ನಮ್ಮ ರಾಗಿಯನ್ನು ಮೊದಲು ಹಾಕಿಕೊಂಡ. ಯಾರಿಗೂ ಅನುಮಾನ ಬರಲಿಲ್ಲ. ಹೇಗೆ ಬಂದೀತು? ಕಥೆಯನ್ನು ಯಾರಾದರೂ ತಾವೇ ಕಟ್ಟಿಯಾರು ಅನ್ನುವುದೇ ನಮ್ಮೂರಿನವರಿಗೆ ಗೊತ್ತಿಲ್ಲ.

ಸುದ್ದಿ ನಮಗಿಂತ ಮುಂಚೆ ಮನೆ ಮುಟ್ಟಿತ್ತು. ಅಜ್ಜಿ ನನ್ನನ್ನು ಹತ್ತಿರ ಕೂರಿಸಿಕೊಂಡು, ‘ಬಿಕ್ಕಳಿಸುವಾಗ ಹೆಗಲು ಕುಣೀತಾ?’ ಎಂದು ಕೇಳಿದಳು. ಕುಣಿಯಿತು ಅಂದೆ. ಅಜ್ಜಿ ನನ್ನ ಹೆಗಲನ್ನು ಒಮ್ಮೆ ಮುಟ್ಟಿ ನೋಡಿದಳು. ‘ಒಂದೇ ಮನೆಯಲ್ಲಿ ಇಬ್ಬರಿಗೆ ಬಂದದ್ದು ನಾ ಕಂಡಿಲ್ಲ. ಇರಲಿ, ಭಾನುವಾರ ಇಬ್ಬರೂ ಕೂತ್ಕಳ್ಳಿ. ಬೀದಿಯವರ ಎದುರಿಗೆ ಯಾರಿಗೆ ಬರುತ್ತೋ ಅವರಿಗೆ ಮಣೆ.’

ಅತ್ತಿಗೆ ಒಳಗಿನಿಂದ ಕೂಗಿದಳು. ‘ಅವಳಿಗೇ ಕೊಡಿ ಅಜ್ಜಿ, ನಂಗೆ ಮಣೆ ಮೇಲೆ ಕೂತ್ರೆ ಸೊಂಟ ಹಿಡಿಯುತ್ತೆ.’

ಹೀಗೆ ಅನ್ನುವವಳ ಜೊತೆ ಹೇಗೆ ಸ್ಪರ್ಧೆ ಮಾಡುವುದು ನೀವೇ ಹೇಳಿ.

ಭಾನುವಾರ ಬಿಸಿಲು ಇಳಿಯುವ ಹೊತ್ತಿಗೆ ಅಂಗಳ ತುಂಬಿತು. ಮಣೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದೆ, ಹಿತ್ತಾಳೆ ಕಣ್ಣು ಕುಕ್ಕುತ್ತಿತ್ತು. ಅದರ ಆಚೆಗೆ ಅತ್ತಿಗೆ, ಈಚೆಗೆ ನಾನು, ಹಿಂದೆ ಗೋಡೆಗೆ ಒರಗಿ ಅಜ್ಜಿ. ನನ್ನ ಹತ್ತಿರ ಒಂದು ಕಥೆ ತಯಾರಿತ್ತು, ಒಂದೇ ತಟ್ಟೆ ಕೊಂಡ ಮುದುಕನದು. ರಾತ್ರಿಯೆಲ್ಲ ಹೊರಳಾಡಿ ಅದಕ್ಕೆ ಒಂದು ಕೊನೆಯನ್ನೂ ಕೂಡಿಸಿದ್ದೆ. ಎದೆಗೂಡಿನಿಂದ ಉಸಿರು ಎಳೆದುಕೊಳ್ಳುತ್ತಿದ್ದೆ ಅಷ್ಟೇ, ಅತ್ತಿಗೆ ‘ಹಿಕ್’ ಅಂದಳು.

ಬಾಯಿ ತೆರೆದಳು. ‘ಹೊಳೆಯ ಆಚೆ ದಡದಲ್ಲಿ ಅಂಬುಜಿ ಕೂತಿದ್ದಳು,’ ಅಂದಳು.

ಅಂಗಳದಲ್ಲಿ ಗುಜುಗುಜು ಎದ್ದಿತು. ಒಬ್ಬರಿಗೆ ಬಂದ ಕಥೆ ಇನ್ನೊಬ್ಬರ ಬಾಯಲ್ಲಿ ಮುಂದುವರಿದದ್ದು ಯಾರೂ ಕೇಳಿರಲಿಲ್ಲ. ಅತ್ತಿಗೆಯೇ ಬೆಚ್ಚಿ ನನ್ನ ಕಡೆ ನೋಡಿದಳು, ಕ್ಷಮೆ ಕೇಳುವ ಹಾಗೆ. ರಾಜರು, ಮಂತ್ರಿಗಳು, ಹಗ್ಗದವನು, ಎಲ್ಲರೂ ಅವಳ ಹತ್ತಿರ ಹೋಗಲಿ. ಅಂಬುಜಿಯನ್ನು ನಾನು ನನ್ನ ಉರಿಯಿಂದ ಮಾಡಿದ್ದೆ. ಅವಳೂ ಹೋಗಿ ಆ ಮಡಿಲಲ್ಲೇ ಕೂರಬೇಕೇ?

ಅತ್ತಿಗೆ ಹೇಳುತ್ತಾ ಹೋದಳು. ಅಂಬುಜಿ ಕೈಗಳನ್ನು ನೀರಿನಲ್ಲಿ ಮುಳುಗಿಸಿ ಕೂತಿದ್ದಳು. ಬೆರಳುಗಳೆಲ್ಲ ಊದಿ ಕೆಂಪಾಗಿದ್ದವು. ಯಾಕೆಂದರೆ ಗೌರಿಹಬ್ಬದ ಮಾಲೆಯಲ್ಲಿ ಅವಳು ಕನಕಾಂಬರದ ಜೊತೆಗೆ ಕೆಂಪಿರುವೆಗಳನ್ನು ಸೇರಿಸಿ ಕಟ್ಟಿದ್ದಳು. ಹೂವಿನ ಬಣ್ಣದಲ್ಲಿ ಇರುವೆಯ ಬಣ್ಣ ಕಾಣಲಿಲ್ಲ. ಕಟ್ಟುವಾಗ ಅವು ಅವಳನ್ನೂ ಕಚ್ಚಿದವು, ಅವಳು ಉಫ್ ಅನ್ನದೆ ಕಟ್ಟಿದಳು. ಆ ಹೊತ್ತಿಗೆ ಈಚೆ ದಡದಲ್ಲಿ ನೀಲವೇಣಿ ಗೌರಿಯ ಮುಂದೆ ತಲೆ ಬಗ್ಗಿಸಿ ನಮಸ್ಕಾರ ಮಾಡುತ್ತಿದ್ದಳು.

ಕಥೆ ಅಂದರೆ ಅದು. ನನಗೆ ಅದು ಹೊಳೆದಿರಲಿಲ್ಲ. ಊದಿದ ಬೆರಳುಗಳನ್ನು ನೀರಿನಲ್ಲಿ ಕಂಡು ನನ್ನ ಬೆರಳೇ ಉರಿಯಿತು. ಎಷ್ಟು ಚೆನ್ನಾಗಿದೆ ಅನ್ನಿಸಿದಷ್ಟೂ ಹೊಟ್ಟೆಯೊಳಗಿನದು ಕಚ್ಚಿತು. ಆಗ ಗಮನಿಸಿದೆ, ಅಂಗಳದ ಕಣ್ಣುಗಳು ಒಂದೊಂದಾಗಿ ಅತ್ತಿಗೆಯ ಜಡೆಯ ಮೇಲೆ ಕೂತು, ಅಲ್ಲಿಂದ ಎದ್ದು ನನ್ನ ಇಲಿಬಾಲದ ಮೇಲೆ ಬಂದು ಕೂರುತ್ತಿದ್ದವು. ಸಾಕಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು.

‘ಹಿಕ್,’ ಅಂದಳು ಅತ್ತಿಗೆ, ಕಥೆ ಅಲ್ಲಿಗೇ ನಿಂತಿತು. ನಾನು ಹೂಂ ಅನ್ನಬೇಕಿತ್ತು. ಹತ್ತಿರ ಕೂತವಳು ನಾನೇ. ನಾನು ಹೂಂ ಅಂದರೆ ಇರುವೆಗಳು ನಿಜವಾಗುತ್ತವೆ, ಅಂಬುಜಿ ಇನ್ನು ಎಂದೆಂದಿಗೂ ಇರುವೆ ಕಟ್ಟಿದವಳೇ. ಸುಮ್ಮನಿದ್ದೆ. ‘ಹಿಕ್,’ ಅಂದಳು ಅತ್ತಿಗೆ. ಅವಳ ಕಣ್ಣಲ್ಲಿ ನೀರು ಬಂತು. ಅಣ್ಣ ಹಿಂದಿನಿಂದ, ‘ವತ್ಸಿ, ಹೂಂ ಅನ್ನೇ, ಉಸಿರು ಕಟ್ತಾ ಇದೆ ಅವಳಿಗೆ’ ಅಂದ.

‘ಅಲ್ಲ,’ ಅಂದೆ.

ಕಥೆಗೆ ಯಾರೂ ಅಲ್ಲ ಅಂದದ್ದಿಲ್ಲ. ಮಳೆಗೆ ಅಲ್ಲ ಅನ್ನುತ್ತಾರೆಯೇ? ಅತ್ತಿಗೆಯ ಬಿಕ್ಕಳಿಕೆ ಅರ್ಧದಲ್ಲಿ, ದೀಪಕ್ಕೆ ಕೈ ಬೀಸಿದ ಹಾಗೆ ನಿಂತುಹೋಯಿತು. ಅವಳು ಗಂಟಲು ಮುಟ್ಟಿಕೊಂಡು ಉಸಿರೆಳೆದಳು.

‘ಏನಂದೆ?’ ಅಂದಳು ಅಜ್ಜಿ.

‘ಅಲ್ಲ ಅಂದೆ. ಅಂಬುಜಿ ಇರುವೆ ಕಟ್ಟಲಿಲ್ಲ.’

‘ನಿಂಗೆ ಹೇಗೇ ಗೊತ್ತು? ನಿಂಗೆ ಬಿಕ್ಕಳಿಕೆ ಬಂತಾ?’

‘ಬಂದಿಲ್ಲ ಅಜ್ಜಿ. ಅವತ್ತು ಗಿರಣಿಯಲ್ಲೂ ಬಂದಿರಲಿಲ್ಲ. ಅಂಬುಜಿಯನ್ನ ನಾನೇ ಮಾಡಿದ್ದು.’

ದಾಸಪ್ಪ ಎದ್ದುನಿಂತ. ‘ಮಾಡಿದ್ದು ಅಂದ್ರೆ? ಕಥೆ ಮಾಡೋಕೆ ಬರುತ್ತಾ? ಅದೇನು ರೊಟ್ಟಿಯಾ?’ ಕೆಲವರು ನಕ್ಕರು. ಹೆಚ್ಚಿನವರು ನಗಲಿಲ್ಲ. ‘ನನ್ನ ಗಿರಣಿ ನಿಲ್ಲಿಸಿದ್ದೆನಲ್ಲಮ್ಮ,’ ಅಂದ, ನಿಜವಾಗಿ ನೊಂದುಕೊಂಡು.

‘ನಮ್ಮ ವಂಶದಲ್ಲಿ ಸುಳ್ಳು ಹೇಳೋರು ಹುಟ್ಟಿರಲಿಲ್ಲ,’ ಅಂದಳು ಅಜ್ಜಿ. ದನಿ ಏರಿಸಲಿಲ್ಲ. ಕೈ ಚಾಚಿ ಮಣೆಯನ್ನು ಅತ್ತಿಗೆಯ ಕಡೆಗೆ ಸರಿಸಿದಳು. ಹಲಸಿನ ಮರ ನೆಲಕ್ಕೆ ಉಜ್ಜಿದ ಸದ್ದು ನನ್ನ ಹಲ್ಲಿನ ಸಂದಿಗೆ ಇಳಿಯಿತು. ‘ಕೂತ್ಕೋ ಪದ್ಮ. ಮಣೆ ನಿಂದು.’

ಅತ್ತಿಗೆ ಕೂತಳು. ಮುಗಿಯಿತು. ಇಷ್ಟು ದಿನ ಯಾವುದಕ್ಕೆ ಹೆದರಿದ್ದೆನೋ ಅದು ಆಗಿಹೋಯಿತು. ಅವಳ ಜಡೆಯ ತುದಿ ಹಿತ್ತಾಳೆಯ ಮೂಲೆಯ ಮೇಲೆ ಬಿದ್ದಿತ್ತು. ನಾನು ಎದ್ದು ಒಳಗೆ ಹೋಗಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ಆದರೆ ಅಂಬುಜಿಯನ್ನು ಆ ಇರುವೆಗಳ ಜೊತೆ ಹೊಳೆಯ ದಂಡೆಯಲ್ಲಿ ಬಿಟ್ಟು ಹೇಗೆ ಹೋಗುವುದು?

‘ಇರುವೆ ಹಾಕಲಿಲ್ಲ ಅಂದ್ರೆ ಮತ್ತೆ ಊರು ಯಾಕೆ ಬಿಟ್ಟಳು?’ ಎಂದು ಕೇಳಿದವಳು ಅತ್ತಿಗೆ. ಅವಳ ಊರಲ್ಲಿ ಕಥೆಯನ್ನು ಪ್ರಶ್ನೆ ಕೇಳುತ್ತಾರೆ ಅಂತ ಕಾಣುತ್ತದೆ.

‘ಒಳ್ಳೆ ಹೂವನ್ನೇ ಕಟ್ಟಿದಳು. ಅದಕ್ಕೇ ಬಿಟ್ಟಳು,’ ಅಂದೆ. ಬಾಯಿ ತೆರೆದಮೇಲೆ ಗೊತ್ತಾಗುತ್ತಾ ಹೋಯಿತು. ‘ಇರುವೆ ಅವಳ ಮನೆ ಗೋಡೆ ಮೇಲೇ ಹರೀತಿತ್ತು. ದಿನಾ ನೋಡ್ತಿದ್ದಳು. ಹಾಕಬಹುದಿತ್ತು. ಆದರೆ ಹೂ ಕೈಗೆ ಬಂದ್ರೆ ಕೆಟ್ಟದಾಗಿ ಕಟ್ಟೋಕೆ ಅವಳ ಬೆರಳಿಗೆ ಬರ್ತಿರಲಿಲ್ಲ. ಎಷ್ಟು ಹೊಟ್ಟೆ ಉರೀತಿತ್ತೋ ಅಷ್ಟು ಒತ್ತೊತ್ತಾಗಿ, ಅಷ್ಟು ಚೆಂದ ಕಟ್ಟುತ್ತಿದ್ದಳು. ಗೌರಿಹಬ್ಬದ ದಿನ ಕಟ್ಟಿದ ಹಾಗೆ ಯಾವತ್ತೂ ಕಟ್ಟಿರಲಿಲ್ಲ. ಮುಡಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ನೀಲವೇಣಿ ಅಷ್ಟು ಚೆಂದ ಕಂಡಳು. ಅಷ್ಟು ಚೆಂದ ಮಾಡಿದವಳು ತಾನೇ. ಅದನ್ನ ಇನ್ನೊಂದು ಬೆಳಿಗ್ಗೆ ನೋಡೋಕಾಗಲ್ಲ ಅನ್ನಿಸಿ ಬುಟ್ಟಿ ಅಲ್ಲೇ ಇಟ್ಟು ಹೊರಟುಹೋದಳು.’

ನಡುವೆ ಒಂದು ಹಿಕ್ ಕೂಡ ಇರಲಿಲ್ಲ. ನನ್ನ ಬರಿಯ ದನಿ, ತೊಳೆಯದ ಮುಖದ ಹಾಗೆ. ಹೂಂ ಅನ್ನಬೇಕೋ ಬೇಡವೋ ಗೊತ್ತಾಗದೆ ಯಾರೂ ಅನ್ನಲಿಲ್ಲ. ಆದರೆ ಯಾರೂ ಏಳಲೂ ಇಲ್ಲ. ದಾಸಪ್ಪ ನಿಂತಿದ್ದವನು ಮತ್ತೆ ಕೂತಿದ್ದ. ಅಜ್ಜಿ ಗೋಡೆ ಬಿಟ್ಟು ಮುಂದಕ್ಕೆ ಬಾಗಿದ್ದಳು. ಅವಳ ಮುಖದಲ್ಲಿ ಸಿಟ್ಟು ಹಾಗೇ ಇತ್ತು, ಕಣ್ಣು ಮಾತ್ರ ಬೇರೆ ಯಾರದೋ, ಕುಂಟೆಬಿಲ್ಲೆ ಬಿಟ್ಟು ಓಡಿಬಂದವಳದು. ಜೀವಮಾನದಲ್ಲಿ ಒಂದು ಕಥೆಯನ್ನೂ ಪ್ರಶ್ನೆ ಕೇಳದವಳು ತುಟಿ ಅಲುಗಿಸಿ, ನಾಚಿಕೊಂಡು, ಕೊನೆಗೆ ಕೇಳಿದಳು.

‘ನೀಲವೇಣಿಗೆ ಗೊತ್ತಾಯ್ತಾ, ಇವಳ ಹೊಟ್ಟೆಯುರಿ?’

ನಾನು ಉತ್ತರ ಕೊಡುವ ಮುಂಚೆಯೇ ಮಣೆಯ ಮೇಲಿಂದ ಅತ್ತಿಗೆ, ನೆಲವನ್ನು ನೋಡುತ್ತಾ, ಬಿಕ್ಕಳಿಸದೆ ಹೇಳಿದಳು. ‘ಅವಳಿಗೆ ಮೊದಲಿಂದ ಗೊತ್ತಿತ್ತು ಅಜ್ಜಿ. ಗೊತ್ತಿದ್ದೇ ದಿನಾ ಬಂದು ಕೂರ್ತಿದ್ದಳು.’

ಮಣೆ ತಗೊಂಡಳು, ಸಾಲದೇ. ನನ್ನ ಕಥೆಯೊಳಗೆ ಮತ್ತೆ ಕೈ ಹಾಕಿದ್ದಳು, ಅದೂ ಇಷ್ಟು ಚೆನ್ನಾಗಿ.

‘ಸುಮ್ನಿರಿ ಅತ್ತಿಗೆ,’ ಅಂದೆ. ‘ಅದನ್ನ ನಾನಿನ್ನೂ ಯೋಚನೆ ಮಾಡಿಲ್ಲ.’